ಖಾಲಿ ಬಿಟ್ಟ ಮೊದಲ ಪೆಟ್ಟು

ಗಂಟಲಿಗೆ ಏನು ಕುಡಿಯುತ್ತಿದ್ದಿರಿ ಎಂದು ಕೇಳಿಕೊಂಡು ಈಗಲೂ ಕೆಲವು ಹೊಸ ಹಾಡುಗಾರರು ಕಾಪುವಿನ ನಮ್ಮ ಮನೆಗೆ ಬರುತ್ತಾರೆ. ಬಿಸಿನೀರು ಎಂದು ಹೇಳುತ್ತೇನೆ. ಅವರ ಮುಖ ಸಪ್ಪೆಯಾಗುತ್ತದೆ. ಉಡುಪಿ ಸೀಮೆಯಲ್ಲಿ ರೆಗೇ ಹಾಡಿಯೇ ಹೊಟ್ಟೆ ಹೊರೆದವನು ಇವನೊಬ್ಬ ಎಂದು ಯಾರೋ ಅವರಿಗೆ ಹೇಳಿ ಕಳಿಸಿರುತ್ತಾರೆ. ಅಂಥವನ ಹತ್ತಿರ ಏನಾದರೂ ಗುಟ್ಟು ಇದ್ದೇ ಇರಬೇಕು ಎಂದು ಅವರ ನಂಬಿಕೆ. ಗುಟ್ಟು ಇಲ್ಲ. ಆದರೆ ಈ ಕೆಲಸದಲ್ಲಿ ನನಗೆ ಎದುರಾದ ಒಂದು ಸಂಗತಿಯನ್ನು ಅವರಿಗೆ ಹೇಳಬೇಕು ಎಂದು ಅನೇಕ ಸಲ ಅನ್ನಿಸಿದರೂ, ಬರಿಯ ಚಹಾ ಕೊಟ್ಟು ಕಳಿಸಿದ್ದೇನೆ. ಬಾಯಲ್ಲಿ ಹೇಳಲು ಆಗದ್ದನ್ನು ಈಗ ಕೂತು ಬರೆಯುತ್ತಿದ್ದೇನೆ. ಶಾಲು, ಸನ್ಮಾನ, ಪತ್ರಿಕೆಯಲ್ಲಿ ಬಂದ ಫೋಟೋ ಇದರಲ್ಲಿ ಬರುವುದಿಲ್ಲ.

ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಹಾಡುಗಾರ ಎಂದರೆ ಆರ್ಕೆಸ್ಟ್ರಾದವನು. ಮದುವೆ, ಶಾಲೆಯ ವಾರ್ಷಿಕೋತ್ಸವ, ಗಣೇಶನ ಪೆಂಡಾಲು, ಯುವಕ ಮಂಡಲದ ಹಬ್ಬ, ಎಲ್ಲಿ ಕರೆದರೆ ಅಲ್ಲಿಗೆ ಟೆಂಪೋದಲ್ಲಿ ಡ್ರಮ್ಮುಗಳ ನಡುವೆ ಮೊಣಕಾಲು ಮಡಚಿ ಕೂತು ಹೋಗುವುದು. ನಾನು ಸೇರಿದ ತಂಡ ಬನ್ನಂಜೆಯಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿತ್ತು. ಕೆಳಗೆ ಗಿರಣಿ ಓಡುವಾಗ ಮೇಲೆ ನೆಲ ನಡುಗುತ್ತಿತ್ತು. ಹಾರ್ಮೋನಿಯಮ್ಮಿನ ಮೇಲೆ ಬಿಳಿಯ ಹುಡಿ ಕೂರುತ್ತಿತ್ತು. ತಂಡದ ಯಜಮಾನರು ವಾಸುದೇವ ಮಾಸ್ಟ್ರು. ಶಾಲೆಯಲ್ಲಿ ಕಲಿಸಿದವರಲ್ಲ, ಹಾರ್ಮೋನಿಯಂ ನುಡಿಸುವವರನ್ನು ನಮ್ಮಲ್ಲಿ ಹಾಗೆ ಕರೆಯುವುದು. ತೆಳ್ಳಗೆ, ಉದ್ದಕ್ಕೆ ಇದ್ದರು. ಯಾರಾದರೂ ಶ್ರುತಿ ತಪ್ಪಿದರೆ ಬೈಯುತ್ತಿರಲಿಲ್ಲ, ಎದ್ದು ಹೋಗಿ ಕಿಟಕಿ ತೆರೆಯುತ್ತಿದ್ದರು. ಕೆಟ್ಟ ಗಾಳಿ ಹೊರಗೆ ಹೋಗಲಿ ಎಂಬ ಹಾಗೆ. ನನ್ನ ಮೊದಲ ವರ್ಷದಲ್ಲಿ ಆ ಕಿಟಕಿ ಮುಚ್ಚಿದ್ದನ್ನು ನಾನು ನೋಡಿಲ್ಲ.

ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದವನು ಹಸನ್. ಕಾಪುವಿನವನೇ, ಬ್ಯಾರಿ ಮುಸ್ಲಿಮರ ಹುಡುಗ. ಮದುವೆ ಮನೆಗಳಲ್ಲಿ ದಫ್ ಎಂಬ ಚರ್ಮವಾದ್ಯ ಬಾರಿಸುವ ಹಿರಿಯರ ನಡುವೆ ಬೆಳೆದವನು. ನಾನೂ ಅವನೂ ಒಂದೇ ಬಸ್ಸಿನಲ್ಲಿ ಉಡುಪಿಗೆ ಬಂದು ಹೋಗುತ್ತಿದ್ದೆವು. ಅವನಿಗೆ ಮಾತು ಕಡಿಮೆ. ಏನಾದರೂ ಹೇಳಬೇಕಿದ್ದರೆ ಬಸ್ಸಿನ ಮುಂದಿನ ಸೀಟಿನ ಕಂಬಿಯ ಮೇಲೆ ಬೆರಳಲ್ಲಿ ಬಡಿದು ತೋರಿಸುತ್ತಿದ್ದ.

ರೆಗೇ ನನಗೆ ಸಿಕ್ಕಿದ್ದು ಮಣಿಪಾಲದಲ್ಲಿ. ಅಲ್ಲಿ ಡಾಕ್ಟರಿ ಓದಲು ಬಂದ ಪೂರ್ವ ಆಫ್ರಿಕಾದ ಡೇನಿಯಲ್ ಎಂಬ ವಿದ್ಯಾರ್ಥಿ, ಒಂದು ಕಾರ್ಯಕ್ರಮದ ಮರುದಿನ ನಮ್ಮನ್ನು ಹುಡುಕಿಕೊಂಡು ಬನ್ನಂಜೆಗೆ ಬಂದ. ಕೈಯಲ್ಲಿ ಟೇಪ್ ರೆಕಾರ್ಡರು. ಕನ್ನಡದಲ್ಲಿ ಅವನಿಗೆ ಚೆನ್ನಾಗಿ ಬರುತ್ತಿದ್ದ ವಾಕ್ಯ ಒಂದೇ, ಮೆಸ್ಸಿನಲ್ಲಿ ಕಲಿತದ್ದು: "ಎಂತ ಸಾವು ಮಾರಾಯ!" ಅನ್ನಕ್ಕೂ ಪರೀಕ್ಷೆಗೂ ಮಳೆಗೂ ಅವನು ಅದನ್ನೇ ಹೇಳುತ್ತಿದ್ದ. ನಾವು ನಕ್ಕು ನಕ್ಕು ಸುಸ್ತಾಗುತ್ತಿದ್ದೆವು. ಅವನು ಕ್ಯಾಸೆಟ್ಟು ಹಾಕಿದ. ಜಮೈಕಾ ಎಂಬ ದ್ವೀಪದ ಹಾಡುಗಳಂತೆ. ಆ ದ್ವೀಪ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಆದರೆ ಹಾಡುವವನ ಧ್ವನಿಯಲ್ಲಿ ಉಪ್ಪುನೀರು ಇತ್ತು. ಸಮುದ್ರದ ಬದಿಯವನು ಎಂದು ಕೇಳಿದ ಕೂಡಲೇ ತಿಳಿಯುತ್ತಿತ್ತು.

ಈ ಸಂಗೀತ ಕಲಿಯುವ ಹೊಸಬರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ನಾಲ್ಕು ಎಣಿಸಿಕೊಂಡು ಕೇಳಿ. ನಮ್ಮ ಸಿನಿಮಾ ಹಾಡುಗಳಲ್ಲಿ ಒಂದು ಎಂದಾಗ ದೊಡ್ಡ ಪೆಟ್ಟು ಬೀಳುತ್ತದೆ. ಎಲ್ಲರೂ ಅಲ್ಲಿ ಕೂಡಿಕೊಳ್ಳುತ್ತಾರೆ. ರೆಗೇಯಲ್ಲಿ ಆ ಒಂದು ಖಾಲಿ. ಪೆಟ್ಟು ಬೀಳುವುದು ಮೂರರ ಮೇಲೆ. ಮೊದಲನೆಯ ಜಾಗದಲ್ಲಿ ಡ್ರಮ್ಮಿನವನು ಕೈಯೆತ್ತಿ ಸುಮ್ಮನಿರಬೇಕು. ಹಸನ್ ಇದನ್ನು ಒಂದು ಸಂಜೆಯಲ್ಲಿ ಹಿಡಿದ. ನನಗೆ ತಿಂಗಳುಗಳು ಬೇಕಾದವು. ಖಾಲಿ ಜಾಗ ಬಂದಾಗಲೆಲ್ಲ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟವನ ಹಾಗೆ ಮುಗ್ಗರಿಸುತ್ತಿದ್ದೆ.

ಮಾಸ್ಟ್ರಿಗೆ ಇದು ಹಿಡಿಸಲಿಲ್ಲ. ಕಿಟಕಿ ತೆರೆದರು. ಹೊರಗೆ ನೋಡುತ್ತಾ, "ಮೊದಲ ಪೆಟ್ಟನ್ನು ಖಾಲಿ ಬಿಡ್ಲಿಕ್ಕಿಲ್ಲ ಶೇಖರ" ಎಂದರು. "ಸಭೆಯಲ್ಲಿ ಒಂದು ಕುರ್ಚಿ ಖಾಲಿ ಇಟ್ಟರೆ ಯಾರಾದರೂ ಬಂದು ಕೂತುಕೊಳ್ತಾರೆ. ಯಾರು ಬಂದ್ರು ಅಂತ ನೀನು ಕೇಳ್ಲಿಕ್ಕೂ ಆಗುವುದಿಲ್ಲ."

ನಾನು ನಕ್ಕೆ. ಹಸನ್ ನಗಲಿಲ್ಲ.

ಆದರೂ ಮಣಿಪಾಲದ ವಿದ್ಯಾರ್ಥಿಗಳು ಅದನ್ನೇ ಕೇಳಿದರು, ಮತ್ತೆ ಮತ್ತೆ ಕರೆದರು. ಮಾಸ್ಟ್ರು ಒಪ್ಪಲೇಬೇಕಾಯಿತು. ಪರದೇಶದ ಹಾಡನ್ನು ಎಷ್ಟು ದಿನ ಹಾಡುವುದು ಎಂದು ನಾನೇ ತುಳುವಿನಲ್ಲಿ ಒಂದನ್ನು ಕಟ್ಟಿದೆ. ಬಲೆ ಹಾಕಲು ಹೋದವರನ್ನು ಕಡಲು ಹೇಗೆ ನೋಡಿಕೊಳ್ಳುತ್ತದೆ ಎಂಬ ಸರಳ ಹಾಡು. ನಡುವೆ ಒಂದು ಕಡೆ ಹಾಡು ನಿಲ್ಲುತ್ತದೆ. ಡ್ರಮ್ಮು ಮತ್ತು ದಪ್ಪ ತಂತಿಯ ಗಿಟಾರು ಮಾತ್ರ ಎರಡು ಸುತ್ತು ಬರುತ್ತವೆ. ಆಗ ನಾನು ಮೈಕಿನ ಮುಂದೆ ಕಣ್ಣು ಮುಚ್ಚಿ ಸುಮ್ಮನೆ ನಿಲ್ಲುತ್ತಿದ್ದೆ.

ಎಡವಿದ್ದೂ ಉಂಟು. ಕಾರ್ಕಳದಲ್ಲಿ ಒಮ್ಮೆ, ಒಂದು ಶಾಲೆಯ ಸಭಾಂಗಣದಲ್ಲಿ ಹಾಡುವಾಗ ಜನರೆಲ್ಲ ನನ್ನನ್ನು ಬಿಟ್ಟು ನನ್ನ ಎಡಭುಜದ ಪಕ್ಕದ ಖಾಲಿ ಜಾಗವನ್ನು ನೋಡುತ್ತಿದ್ದರು. ಚಪ್ಪಾಳೆ ಇಲ್ಲ, ಕೆಮ್ಮಿಲ್ಲ. ಒಂದೇ ಕಡೆ ಅಷ್ಟೂ ಕಣ್ಣು. ಮಾಸ್ಟ್ರು ಹೇಳಿದ ಕುರ್ಚಿ ನೆನಪಾಯಿತು; ಹಾಡಿನ ಮುಂದಿನ ಸಾಲು ಮರೆತು ಮೊದಲ ಸಾಲನ್ನೇ ಮತ್ತೆ ಮತ್ತೆ ಹಾಡಿದೆ. ಮುಗಿದ ಮೇಲೆ ತಿರುಗಿ ನೋಡಿದರೆ ಗೋಡೆ ಗಡಿಯಾರ. ಕುಕ್ಕುಂದೂರಿನ ಕಡೆಗೆ ಹೋಗುವ ಬಸ್ಸು ತಪ್ಪೀತು ಎಂದು ಪಾಪ ಜನ ಗಡಿಯಾರ ನೋಡುತ್ತಿದ್ದರು. ಟೆಂಪೋದಲ್ಲಿ ಎಲ್ಲರೂ ನನ್ನನ್ನು ಗೇಲಿ ಮಾಡಿದರು. ಹೆದರಿಕೆ ಅರ್ಧ ನಮ್ಮ ತಲೆಯೊಳಗೇ ಇರುತ್ತದೆ ಎಂದು ಅವತ್ತು ಕಲಿತೆ. ಉಳಿದ ಅರ್ಧದ ಬಗ್ಗೆ ಮುಂದೆ ಬರೆಯುತ್ತೇನೆ.

ಮಲ್ಪೆಯಲ್ಲಿ ದೋಣಿಯವರು ಸೇರಿ ಒಂದು ಕಾರ್ಯಕ್ರಮ ಇಟ್ಟಿದ್ದರು. ಬಂದರಿನ ಹತ್ತಿರ, ಬಲೆ ಒಣಗಿಸುವ ಬಯಲಿನಲ್ಲಿ. ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಮಂಜುಗಡ್ಡೆಯ ಕಾರ್ಖಾನೆಯ ಸದ್ದು ಒಂದೇ ಸಮನೆ ಬರುತ್ತಿತ್ತು. ಡೇನಿಯಲ್ ಸ್ಟೇಜಿನ ಕೆಳಗೆ ಟೇಪ್ ರೆಕಾರ್ಡರು ಇಟ್ಟುಕೊಂಡು ಕೂತಿದ್ದ. ನಮ್ಮ ಕಡಲಿನ ಹಾಡನ್ನು ಊರಿಗೆ ಕೊಂಡೊಯ್ಯಬೇಕು ಎಂದು ಅವನ ಆಸೆ.

ಹಾಡು ನಡುವಿಗೆ ಬಂತು. ನಾನು ನಿಲ್ಲಿಸಿದೆ. ಡ್ರಮ್ಮು, ಗಿಟಾರು ಮಾತ್ರ. ಕಣ್ಣು ಮುಚ್ಚಿದೆ. ಆಗ ಒಂದು ಸಾಲು ಬಂತು. ನಾನು ಕಟ್ಟಿದ ಸಾಲಲ್ಲ, ಯಾವತ್ತೂ ಯೋಚಿಸಿದ್ದೂ ಅಲ್ಲ. ತುಳುವಿನಲ್ಲಿ: "ಅಪ್ಪೆ, ಬಾಕಿಲ್ ಪಾಡೊಡ್ಚಿ." ಅಮ್ಮಾ, ಬಾಗಿಲು ಹಾಕಬೇಡ. ಸಣ್ಣ ದನಿ. ಕೂಗಿದ್ದಲ್ಲ, ಮನೆಯಿಂದ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳುವ ಹಾಗೆ. ನನ್ನ ಬಾಯಿಂದಲೇ ಬಂತು ಎಂದು ನಾನು ತಿಳಿದೆ. ಹಾಡುವವನಿಗೆ ಹಾಗೆ ಒಮ್ಮೊಮ್ಮೆ ತನ್ನಷ್ಟಕ್ಕೆ ಸಾಲು ಹೊಳೆಯುವುದುಂಟು.

ಸಭೆಯ ಮಧ್ಯದಲ್ಲಿ ಒಬ್ಬ ಹೆಂಗಸು ಎದ್ದು ನಿಂತರು. "ವಿಠಲಾ" ಎಂದು ಕರೆದರು. ಬೊಬ್ಬೆ ಹಾಕಿದ್ದಲ್ಲ. ಒಳಗಿನ ಕೋಣೆಯಲ್ಲಿ ಇರುವವರನ್ನು ಊಟಕ್ಕೆ ಕರೆಯುವ ಹಾಗೆ. ಹಸನ್‌ನ ಕೈ ಒಮ್ಮೆ ತಪ್ಪಿತು. ಅವನ ಕೈ ತಪ್ಪಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅವರು ಗಿರಿಜಕ್ಕ. ಬಂದರಿನಲ್ಲಿ ಮೀನು ಮಾರುವವರು. ಕಾರ್ಯಕ್ರಮ ಮುಗಿದ ಮೇಲೆ ನೇರವಾಗಿ ನನ್ನ ಹತ್ತಿರ ಬಂದರು. ಜೊತೆಗೆ ಮಗಳು ಸುಮತಿ, ಅಮ್ಮನ ತೋಳು ಹಿಡಿದುಕೊಂಡು. ಮಾತು ತುಳುವಿನಲ್ಲಿ ನಡೆಯಿತು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ನಿಮಗೆ ನನ್ನ ಮಗ ಎಲ್ಲಿ ಸಿಕ್ಕಿದ?" ಎಂದು ಕೇಳಿದರು.

"ಯಾವ ಮಗ ಅಕ್ಕ?"

"ವಿಠಲ. ಅವನ ಮಾತು ನೀವು ಹೇಗೆ ಹೇಳಿದಿರಿ?"

ಸುಮತಿ ನಡುವೆ ಬಂದಳು. ಹಿಂದಿನ ಮಳೆಗಾಲ ಮುಗಿದು ದೋಣಿಗಳು ಇಳಿದಾಗ ಅವಳ ಅಣ್ಣ ವಿಠಲ ಒಂದು ಟ್ರಾಲರಿನಲ್ಲಿ ಹೋಗಿದ್ದನಂತೆ. ದೋಣಿ ಬರಲಿಲ್ಲ. ಅದರದ್ದು ಎಂದು ಸಿಕ್ಕಿದ್ದು ಒಂದೇ ಒಂದು, ಬಲೆಯ ತೇಲುಗುಂಡು, ಕಾಪುವಿನ ದೀಪಸ್ತಂಭದ ಬಂಡೆಯ ಹತ್ತಿರ. "ಕಡಲಿಗೆ ಹೋಗುವಾಗ ಅಣ್ಣ ಪ್ರತಿ ಸಲ ಅದೇ ಮಾತು ಹೇಳುತ್ತಿದ್ದ" ಎಂದಳು ಸುಮತಿ. "ನಮ್ಮ ಮನೆಯ ಚಿಲಕ ಬಿಗಿ. ಬೆಳಗಾಗುವ ಮೊದಲೇ ಬಂದರೆ ನಮ್ಮನ್ನು ಎಬ್ಬಿಸಬೇಕಾಗುತ್ತದೆ ಅಂತ. ಇದು ನಮ್ಮ ಮೂವರಿಗಲ್ಲದೆ ಬೇರೆ ಯಾರಿಗೂ ಗೊತ್ತಿಲ್ಲ."

ಹಾಡು ಹಾಗೇ ಬಂತು ಅಕ್ಕ, ನನಗೆ ಅವರ ಪರಿಚಯವಿಲ್ಲ ಎಂದೆ. ಗಿರಿಜಕ್ಕ ನನ್ನ ಬಾಯಿಯನ್ನೇ ನೋಡುತ್ತಿದ್ದರು, ಮುಚ್ಚಿದ ಮನೆಯ ಹೊಸ್ತಿಲ ಮುಂದೆ ನಿಂತು ನೋಡುವ ಹಾಗೆ. ಆಮೇಲೆ, "ಆಯ್ತು. ಬಾಗಿಲು ಹಾಕುವುದಿಲ್ಲ ಅಂತ ಅವನಿಗೆ ಹೇಳಿ" ಎಂದು ಹೋದರು.

ಮರುದಿನ ಮಧ್ಯಾಹ್ನ ನಾನು, ಹಸನ್ ಮಣಿಪಾಲಕ್ಕೆ ಡೇನಿಯಲ್‌ನ ಕೋಣೆಗೆ ಹೋದೆವು. ಬಿಸಿಲಿಗೆ ಕಿಟಕಿಯ ಸರಳು ಮುಟ್ಟಲು ಆಗುತ್ತಿರಲಿಲ್ಲ. ಡೇನಿಯಲ್ ಟೇಪ್ ಹಾಕಿದ. ಹಾಡು ಚೆನ್ನಾಗಿ ಬಂದಿತ್ತು. ಮಂಜುಗಡ್ಡೆ ಕಾರ್ಖಾನೆಯ ಸದ್ದು, ಹಿಂದೆ ಯಾರದೋ ಮಗು ಅಳುವುದು, ಎಲ್ಲ ಇತ್ತು. ನಡುವಿನ ಜಾಗ ಬಂತು. ಡ್ರಮ್ಮು ಬಂತು, ಗಿಟಾರು ಬಂತು. ಆ ಸಾಲು ಬರಲಿಲ್ಲ. ಎರಡು ಸುತ್ತು ಹಾಗೇ ಹೋಯಿತು, ಬಳಿಕ ಗಿರಿಜಕ್ಕನ "ವಿಠಲಾ" ಸ್ಪಷ್ಟವಾಗಿ ಕೇಳಿತು. ಅವರು ಯಾರಿಗೂ ಅಲ್ಲದೆ ಖಾಲಿ ಜಾಗಕ್ಕೆ ಉತ್ತರ ಕೊಟ್ಟ ಹಾಗೆ.

ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆವು. ಇಲ್ಲ.

"ನೀನು ಕೇಳಿದ್ದಿ ಅಲ್ವಾ?" ಎಂದು ಹಸನ್‌ನನ್ನು ಕೇಳಿದೆ.

"ಕೇಳಿದೆ."

ಡೇನಿಯಲ್ ತಾನೂ ಕೇಳಿದ್ದೇನೆ ಎಂದು ತಲೆಯಾಡಿಸಿದ. ಟೇಪ್ ನಿಲ್ಲಿಸಿ, ಬಹಳ ಮೆಲ್ಲಗೆ, "ಎಂತ ಸಾವು ಮಾರಾಯ" ಎಂದ. ಅವತ್ತು ನಾವು ನಗಲಿಲ್ಲ. ಆ ಕ್ಯಾಸೆಟ್ಟನ್ನು ಅವನು ಊರಿಗೆ ಕೊಂಡೊಯ್ಯಲಿಲ್ಲ. ಏನು ಮಾಡಿದ ಎಂದು ನಾನೂ ಕೇಳಲಿಲ್ಲ.

ಇದಾದ ಮೇಲೆ ನಮ್ಮ ಕಾರ್ಯಕ್ರಮಗಳ ಬಣ್ಣವೇ ಬದಲಾಯಿತು. ನಾವು ಎಲ್ಲಿ ಹಾಡಿದರೂ ಗಿರಿಜಕ್ಕ ಬರುತ್ತಿದ್ದರು. ಉಡುಪಿಗೆ ಬಂದರು, ಕಾಪುವಿಗೆ ಬಂದರು, ಕಾರ್ಕಳಕ್ಕೂ ಬಸ್ಸು ಹತ್ತಿ ಬಂದರು. ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಪಕ್ಕದ ಕುರ್ಚಿಯ ಮೇಲೆ ಟವೆಲು ಹಾಸಿ ಯಾರಿಗೂ ಕೂರಲು ಬಿಡುತ್ತಿರಲಿಲ್ಲ. ಕೆಲವು ತಿಂಗಳಲ್ಲಿ ಅವರ ಹಿಂದೆ ಬೇರೆಯವರೂ ಬರತೊಡಗಿದರು. ಕಡಲಿಗೆ ಹೋಗಿ ಬಾರದವರ ಮನೆಯವರು. ಒಬ್ಬ ಮುದುಕರು ಮೊಮ್ಮಗನ ಅಂಗಿಯನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ಈ ಜನ ಚಪ್ಪಾಳೆ ತಟ್ಟುತ್ತಿರಲಿಲ್ಲ, ಬೇರೆ ಹಾಡುಗಳಿಗೆ ತಲೆಯೆತ್ತುತ್ತಿರಲಿಲ್ಲ. ಕಡಲಿನ ಹಾಡು ಶುರುವಾದ ಕೂಡಲೇ ಎಲ್ಲರೂ ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದರು. ನಡುವಿನ ಖಾಲಿ ಜಾಗ ಬಂದಾಗ ಅಷ್ಟು ಜನ ಒಟ್ಟಿಗೆ ಉಸಿರು ಹಿಡಿಯುವುದು ಸ್ಟೇಜಿನ ಮೇಲೆ ನನಗೆ ಗೊತ್ತಾಗುತ್ತಿತ್ತು. ಏನೂ ಬರುತ್ತಿರಲಿಲ್ಲ. ಹಾಡು ಮುಗಿಯುತ್ತಿತ್ತು. ಅವರು ಎದ್ದು ಹೋಗುತ್ತಿದ್ದರು.

ಹಾಡುಗಾರನಿಗೆ ಇದಕ್ಕಿಂತ ಕೆಟ್ಟ ಶಿಕ್ಷೆ ಇಲ್ಲ. ಜನ ನಿಮ್ಮನ್ನು ಕೇಳಲು ಬಂದದ್ದಲ್ಲ, ನೀವು ಸುಮ್ಮನಾಗುವುದನ್ನು ಕಾಯಲು ಬಂದದ್ದು. ಆದರೆ ಕರೆಯುವವರಿಗೆ ಅದೇ ಬೇಕಾಗಿತ್ತು. "ಆ ಹಾಡು ಉಂಟಲ್ವಾ?" ಎಂದು ಕೇಳಿಯೇ ಕಾರ್ಯಕ್ರಮ ನಿಶ್ಚಯಿಸುತ್ತಿದ್ದರು. ಮಾಸ್ಟ್ರು ಒಂದು ದಿನ ಅಭ್ಯಾಸದ ಕೋಣೆಯಲ್ಲಿ ಹಾರ್ಮೋನಿಯಂ ಮುಚ್ಚಿಟ್ಟರು.

"ನಾವು ಆರ್ಕೆಸ್ಟ್ರಾ" ಎಂದರು. "ನೀನು ಹಾಡುಗಾರ, ದೈವ ಮೈಮೇಲೆ ಬರುವ ದರ್ಶನದ ಪಾತ್ರಿ ಅಲ್ಲ. ಆ ಜನರ ಮುಖ ನೋಡಿಕೊಂಡು ನನಗೆ ಬಾರಿಸ್ಲಿಕ್ಕೆ ಆಗುವುದಿಲ್ಲ. ಆ ಹಾಡು ಬಿಡು."

ನಾನು ಬಿಡುತ್ತೇನೆ ಎಂದೆ. ಬಿಟ್ಟೂ ಬಿಡುತ್ತಿದ್ದೆನೇನೋ. ಆ ವಾರವೇ ಸುಮತಿ ಗಿರಣಿಯ ಮೆಟ್ಟಿಲು ಹತ್ತಿ ಬಂದಳು. ಒಬ್ಬಳೇ. ಮಾಸ್ಟ್ರು ಕುರ್ಚಿ ಕೊಟ್ಟರು. ಅವಳು ಕೂರಲಿಲ್ಲ.

"ಶೇಖರಣ್ಣ, ನೀವೊಂದು ಸಹಾಯ ಮಾಡಬೇಕು" ಎಂದಳು. ಅವಳಿಗೆ ಕಾರ್ಕಳದ ಕಡೆಯ ಗಂಡು ಗೊತ್ತಾಗಿತ್ತು. ಹುಡುಗ ಒಳ್ಳೆಯವನು, ಅವಳಿಗೂ ಇಷ್ಟ. ಆದರೆ ಮನೆಯಲ್ಲಿ ಹೋದವನ ಉತ್ತರಕ್ರಿಯೆ ಆಗದೆ ಶುಭಕಾರ್ಯ ಹೇಗೆ ಮಾಡುವುದು ಎಂದು ಗಂಡಿನ ಕಡೆಯ ಹಿರಿಯರು ಕೇಳಿದ್ದರು. ಗಿರಿಜಕ್ಕ ಕ್ರಿಯೆಗೆ ಒಪ್ಪುವುದಿಲ್ಲ. ಮಗ ಇದ್ದಾನೆ, ಮಾತಾಡಿದ್ದಾನೆ, ಊರಿಗೇ ಕೇಳಿದೆ ಎನ್ನುತ್ತಾರೆ. "ಮಲ್ಪೆಯಲ್ಲಿ ನೀವು ಹಾಡಿದ ದಿನದಿಂದ ನಮ್ಮ ಮನೆಯ ಬಾಗಿಲು ಹಾಕಿಲ್ಲ. ಜಡಿಮಳೆ ಒಳಗೆ ಬಂತು. ನಾಯಿಗಳು ಬಂದು ಮಲಗ್ತವೆ. ಅಮ್ಮ ಬಾಗಿಲ ಎದುರೇ ಚಾಪೆ ಹಾಸಿ ಕೂರ್ತಾರೆ. ಮಾತಾಡಿಸಿದರೆ, ಸ್ವಲ್ಪ ಸುಮ್ಮನಿರು, ಕೇಳಿಸುವುದಿಲ್ಲ ಅಂತಾರೆ."

"ನಾನೆಂತ ಮಾಡ್ಲಿ ಸುಮತಿ?"

"ಅಮ್ಮನ ಎದುರು ಹಾಡಿ. ಆ ನಡುವಿನ ಜಾಗದಲ್ಲಿ ಅಣ್ಣನ ಹಾಗೆ ಹೇಳಿ. ಹೋಗಿ ಬರುತ್ತೇನೆ, ಬಾಗಿಲು ಹಾಕಿಕೋ ಅಂತ. ನೀವು ಹೇಳಿದರೆ ನಂಬ್ತಾರೆ. ಅಷ್ಟೇ ಸಾಕು."

ಅವಳು ಅಳಲಿಲ್ಲ. ಅಳುವ ಹಂತ ದಾಟಿ ಬಹಳ ದಿನವಾದವಳ ಹಾಗೆ ನಿಂತಿದ್ದಳು. ಅವಳ ಬದುಕು ಆ ತೆರೆದ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ನಾನು ಆಗಲಿ ಎಂದುಬಿಟ್ಟೆ.

ಬಸ್ಸಿನಲ್ಲಿ ಹಸನ್ ಕಂಬಿಯ ಮೇಲೆ ಬೆರಳು ಬಡಿಯಲಿಲ್ಲ. ಕಟಪಾಡಿ ದಾಟಿದ ಮೇಲೆ ಬಾಯಿ ಬಿಟ್ಟ. "ಸತ್ತವರ ಬಾಯಲ್ಲಿ ಸುಳ್ಳು ಹಾಕಬೇಡ ಮಾರಾಯ. ಆ ಅಮ್ಮನಿಗೆ ಗೊತ್ತಾಗ್ತದೆ. ಗೊತ್ತಾಗದಿದ್ದರೆ ಅದು ಇನ್ನೂ ಕೆಟ್ಟದ್ದು."

"ಹಾಗಾದರೆ ಎಂತ ಮಾಡುವುದು?"

"ಹಾಡು ಹೇಗೆ ಉಂಟೋ ಹಾಗೇ ಹಾಡು. ಖಾಲಿ ಜಾಗ ಖಾಲಿಯೇ ಇರಲಿ. ಏನೂ ಬರದಿದ್ದರೆ ಅವರು ಅದನ್ನೂ ಎದುರು ಕೂತು ಕೇಳಲಿ. ನಾನೂ ಬರ್ತೇನೆ."

ಮಲ್ಪೆಯಲ್ಲಿ ಬೇಡ, ಜನ ಸೇರುತ್ತಾರೆ ಎಂದು ಗಿರಿಜಕ್ಕನೇ ಜಾಗ ಹೇಳಿ ಕಳಿಸಿದರು. ಕಾಪುವಿನ ದೀಪಸ್ತಂಭದ ಬಂಡೆಯ ಕೆಳಗೆ, ತೇಲುಗುಂಡು ಸಿಕ್ಕಿದಲ್ಲಿ. ಒಂದು ಭಾನುವಾರ ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ನಾವು ನಾಲ್ವರು ಅಲ್ಲಿ ಸೇರಿದೆವು. ಮರಳು ಬೆಂದಿತ್ತು. ಕಣ್ಣು ಹಾಯುವವರೆಗೆ ಒಂದು ನರಪಿಳ್ಳೆಯೂ ಇಲ್ಲ. ಹಸನ್ ಡ್ರಮ್ಸ್ ತರುವ ಹಾಗಿರಲಿಲ್ಲ. ಅಜ್ಜನ ಕಾಲದ ದಫ್ ತಂದಿದ್ದ. ಬಂಡೆಯ ನೆರಳಲ್ಲಿ ಕೂತು ಅದರ ಚರ್ಮವನ್ನು ಬಿಸಿಲಿಗೆ ಹಿಡಿದು ಬಿಗಿ ಮಾಡಿಕೊಂಡ. ಗಿರಿಜಕ್ಕ ಒಗೆದ ಸೀರೆ ಉಟ್ಟು, ತಲೆಗೆ ಹೂವು ಮುಡಿದು ಬಂದಿದ್ದರು. ನೆಂಟರನ್ನು ಎದುರುಗೊಳ್ಳಲು ಬಂದವರ ಹಾಗೆ. ಅದನ್ನು ನೋಡಿ ಸುಮತಿ ಮುಖ ತಿರುಗಿಸಿದಳು.

ನಾನು ಕಡಲಿಗೆ ಬೆನ್ನು ಹಾಕಿ ನಿಂತೆ. ಗಿರಿಜಕ್ಕ ನನ್ನ ಎದುರು. ಮೈಕಿಲ್ಲದೆ ಬಯಲಲ್ಲಿ ಹಾಡುವಾಗ ಧ್ವನಿ ನಮ್ಮ ಬಾಯಿಂದ ಹೊರಟ ಕೂಡಲೇ ಕಳೆದುಹೋಗುತ್ತದೆ. ಹಸನ್ ಬಾರಿಸತೊಡಗಿದ. ಒಂದು ಖಾಲಿ, ಮೂರರ ಮೇಲೆ ಪೆಟ್ಟು. ನಾನು ಹಾಡಿದೆ. ಮೊದಲ ಚರಣ ಹಾಡಿದ್ದು ನೆನಪಿದೆ, ಎರಡನೆಯದು ನೆನಪಿದೆ. ನಡುವಿನ ಜಾಗ ಬಂತು. ನಿಲ್ಲಿಸಿ ಕಣ್ಣು ಮುಚ್ಚಲು ಹೋದೆ.

ಅಲೆಯ ಸದ್ದು ನಿಂತುಹೋಯಿತು. ಕಡಿಮೆಯಾದದ್ದಲ್ಲ, ನಿಂತದ್ದು. ಕಾಪುವಿನಲ್ಲಿ ಹುಟ್ಟಿದವನು ನಾನು. ಆ ಸದ್ದು ಇಲ್ಲದ ಗಳಿಗೆಯನ್ನು ಅದಕ್ಕೆ ಮೊದಲು ಕೇಳಿದವನಲ್ಲ. ನಾಲಗೆಯ ಮೇಲೆ ಉಪ್ಪು. ಗಂಟಲಲ್ಲಿ ಏನೋ ತಣ್ಣಗೆ ಮೇಲೆ ಬಂದ ಹಾಗೆ. ಹಾಡಬೇಕು ಎಂಬ ಆಸೆ ಎಂದೂ ಇಲ್ಲದಷ್ಟು ಜೋರಾಗಿ ಬಂತು.

ಆಮೇಲೆ ನನಗೆ ತಿಳಿದದ್ದು ಹಸನ್‌ನ ಕೈ ನನ್ನ ಭುಜದ ಮೇಲೆ ಇದ್ದದ್ದು. ದೀಪಸ್ತಂಭದ ನೆರಳು ಮರಳಿನ ಮೇಲೆ ಎಷ್ಟೋ ದೂರ ಸರಿದಿತ್ತು. ಅಲೆಯ ಸದ್ದು ಎಂದಿನಂತೆ ಇತ್ತು. ನನ್ನ ಗಂಟಲು ಒಂದು ಇಡೀ ಕಾರ್ಯಕ್ರಮ ಹಾಡಿದಷ್ಟು ಉರಿಯುತ್ತಿತ್ತು. ಸುಮತಿ ಮರಳಿನಲ್ಲಿ ಕೂತು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಗಿರಿಜಕ್ಕ ಮೊದಲು ನಿಂತಲ್ಲಿ ಇರಲಿಲ್ಲ. ನನ್ನನ್ನು ದಾಟಿ ನೀರಿಗೆ ಇಳಿದಿದ್ದರು, ಮೊಣಕಾಲಿನವರೆಗೆ. ನಮಗೆ ಬೆನ್ನು ಹಾಕಿ, ಊರಿಗೆ ಹೊರಟವರು ಹೇಳುವ ಮಾತನ್ನು ಕೇಳಿಸಿಕೊಳ್ಳುವ ಹಾಗೆ "ಹ್ಞೂಂ... ಹ್ಞೂಂ" ಎನ್ನುತ್ತಾ ತಲೆಯಾಡಿಸುತ್ತಿದ್ದರು. ಒಮ್ಮೆ ಸಣ್ಣಗೆ ನಕ್ಕರು ಕೂಡ. ಸ್ವಲ್ಪ ಹೊತ್ತಿನ ಮೇಲೆ ಬಾಗಿ ಉಪ್ಪುನೀರಲ್ಲಿ ಮುಖ ತೊಳೆದುಕೊಂಡು, ತಲೆಯ ಹೂವನ್ನು ತೆಗೆದು ನೀರಿಗೆ ಬಿಟ್ಟು ಬಂದರು.

"ಸುಮತಿ, ಹೊರಡುವ. ಮನೆಯಲ್ಲಿ ಕೆಲಸ ಉಂಟು" ಎಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅವರು ಹೋದ ಮೇಲೆ ಹಸನ್‌ನನ್ನು ಕೇಳಿದೆ. "ನಾನೆಂತ ಹಾಡಿದೆ?"

ಅವನು ದಫನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ.

"ಹೇಳು ಮಾರಾಯ. ನನಗೆ ನೆನಪಿಲ್ಲ."

"ಅದು ನಿನಗೆ ಹೇಳಿದ್ದಲ್ಲ" ಎಂದ. "ನನಗೂ ಅಲ್ಲ."

ಮೂರು ನಾಲ್ಕು ದಿನಗಳಲ್ಲಿ ಸುಮತಿಯಿಂದ ಸುದ್ದಿ ಬಂತು. ಗಿರಿಜಕ್ಕ ಅವತ್ತು ಮನೆಗೆ ಹೋದವರೇ ನಾಯಿಗಳನ್ನು ಅಟ್ಟಿ, ಚಾವಡಿ ತೊಳೆದು, ಬಾಗಿಲು ಹಾಕಿ ಮಲಗಿದರಂತೆ. ಕ್ರಿಯೆಗೆ ದಿನ ಗೊತ್ತುಮಾಡಲು ತಾವೇ ಹೇಳಿದರಂತೆ. ಮುಂದಿನ ಬೇಸಗೆಯಲ್ಲಿ ಸುಮತಿಯ ಮದುವೆ ಆಯಿತು. ನಮ್ಮನ್ನು ಕರೆದಿದ್ದಳು, ಊಟಕ್ಕೆ ಮಾತ್ರ, ಹಾಡಲಿಕ್ಕಲ್ಲ. ನಾವೂ ಉಂಡು ಬಂದೆವು. ಕಡಲಿನ ಹಾಡನ್ನು ನಾನು ಮತ್ತೆ ಸ್ಟೇಜಿನಲ್ಲಿ ಹಾಡಲಿಲ್ಲ. ಕಾಯುವ ಜನ ಸ್ವಲ್ಪ ಸಮಯ ಬಂದರು, ಆಮೇಲೆ ಬಿಟ್ಟರು. ಅಂಗಿ ಹಿಡಿದುಕೊಂಡು ಬರುತ್ತಿದ್ದ ಮುದುಕರ ಮುಖ ನೋಡಲು ನನಗೆ ಕಷ್ಟವಾಗುತ್ತಿತ್ತು. ಅವರಿಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಎಂಬತ್ತರ ದಶಕ ಮುಂದೆ ಹೋದ ಹಾಗೆ ಕೆಲಸದ ರೀತಿಯೇ ಬೇರೆಯಾಯಿತು. ತಗಡಿನ ತುತ್ತೂರಿ ಸ್ಪೀಕರುಗಳು ಹೋಗಿ ದೊಡ್ಡ ಪೆಟ್ಟಿಗೆಗಳು ಬಂದವು. ಎಕೋ ಮಾಡುವ ಯಂತ್ರ ಬಂತು. ಒಂದು ಗುಂಡಿ ತಿರುಗಿಸಿದರೆ ನಿಮ್ಮ ಮಾತೇ ಹಿಂದಿನಿಂದ ಮೂರು ಸಲ ಬರುತ್ತದೆ. ಜನರಿಗೆ ಅದು ಖುಷಿ. ನನ್ನ ದನಿ ಹಾಗೆ ಹಿಂದಿನಿಂದ ಬಂದಾಗಲೆಲ್ಲ ನಾನು ಲೆಕ್ಕ ಹಾಕುತ್ತಿದ್ದೆ, ನನ್ನದೇ ಅಷ್ಟೂ ಅಲ್ವಾ ಎಂದು. ಆಮೇಲೆ ಡ್ರಮ್ಮು ತಾನೇ ಬಾರಿಸಿಕೊಳ್ಳುವ ಕೀಬೋರ್ಡು ಬಂತು. ರೆಗೇ ಎಂದು ಬರೆದ ಗುಂಡಿಯೂ ಅದರಲ್ಲಿತ್ತು. ಒತ್ತಿದೆ. ಲೆಕ್ಕ ಸರಿ ಇತ್ತು, ಖಾಲಿ ಜಾಗ ಖಾಲಿಯೇ ಇತ್ತು, ಆದರೆ ಅಲ್ಲಿ ಕೈಯೆತ್ತಿ ಕಾಯುವವನು ಇರಲಿಲ್ಲ. ಹಸನ್ ಆ ಯಂತ್ರವನ್ನು ಒಂದು ದಿನ ನೋಡಿದ, ಮುಂದಿನ ವರ್ಷ ದುಬಾಯಿಗೆ ಹೋದ. ವಿಮಾನ ಹತ್ತುವ ಮುಂಚೆ, ಅವತ್ತು ಕಾಪುವಿನಲ್ಲಿ ನಾನೆಂತ ಹಾಡಿದೆ ಎಂದು ಇನ್ನೊಮ್ಮೆ ಕೇಳಿದೆ. ತಬ್ಬಿಕೊಂಡು ಹೊರಟುಬಿಟ್ಟ. ಅಲ್ಲೇ ತೀರಿಕೊಂಡ. ಮಾಸ್ಟ್ರು ಬಿಟ್ಟ ಮೇಲೆ ತಂಡವನ್ನು ನಾನೇ ನಡೆಸಿದೆ, ತಲೆ ಬೆಳ್ಳಗಾಗುವವರೆಗೂ ರೆಗೇ ಹಾಡಿದೆ. ಮಣಿಪಾಲಕ್ಕೆ ಹೊಸ ಹೊಸ ವಿದ್ಯಾರ್ಥಿಗಳು ಬರುತ್ತಲೇ ಇದ್ದರು. ಡೇನಿಯಲ್ ಡಾಕ್ಟರಾಗಿ ಊರಿಗೆ ಹೋದವನು ಕೆಲವು ವರ್ಷ ಹೊಸ ವರ್ಷದ ಕಾರ್ಡು ಕಳಿಸಿದ.

ಕಾಪುವಿನ ಆ ಮಧ್ಯಾಹ್ನದ ಬಗ್ಗೆ ನಾನು ನನ್ನಷ್ಟಕ್ಕೆ ಒಂದು ಸಮಾಧಾನ ಹೇಳಿಕೊಂಡಿದ್ದೆ. ಬಿಸಿಲಿಗೆ ತಲೆ ತಿರುಗಿರಬೇಕು. ಆ ಅರೆಪ್ರಜ್ಞೆಯಲ್ಲಿ ಸುಮತಿ ಕೇಳಿಕೊಂಡ ಮಾತೇ ಬಾಯಿಂದ ಹಾಡಾಗಿ ಬಂದಿರಬೇಕು. ತಾಯಿ ಅದರಲ್ಲಿ ಮಗನನ್ನು ಕೇಳಿದರು. ಇದರಲ್ಲಿ ಹೆದರುವಂಥದ್ದೇನೂ ಇಲ್ಲ. ಹಾಡುಗಾರಿಕೆ ಎಂದರೆ ಇಷ್ಟೇ ಅಲ್ಲವೆ, ಇನ್ನೊಬ್ಬರ ಮಾತಿಗೆ ನಮ್ಮ ಗಂಟಲು ಕೊಡುವುದು. ವರ್ಷಗಟ್ಟಲೆ ಇದನ್ನೇ ನಂಬಿಕೊಂಡಿದ್ದೆ. ಒಂದು ರೀತಿಯ ಹೆಮ್ಮೆಯೂ ಇತ್ತು.

ಹಾಡುವುದನ್ನು ಬಿಡುವುದಕ್ಕೆ ಸ್ವಲ್ಪ ಮೊದಲು ಒಂದು ಬೆಳಿಗ್ಗೆ ಮೀನಿಗೆಂದು ಮಲ್ಪೆಗೆ ಹೋಗಿದ್ದೆ. ಹರಾಜು ಮುಗಿದು ಲಾರಿಗಳು ಹೊರಡುತ್ತಿದ್ದವು. ಗಿರಿಜಕ್ಕ ಬಂಗುಡೆಯ ಬುಟ್ಟಿಯ ಹಿಂದೆ ಕೂತಿದ್ದರು. ಬಹಳ ಮುದುಕಿಯಾಗಿದ್ದರು, ಕಣ್ಣು ಮಾತ್ರ ಹಾಗೇ. ಗುರುತು ಹಿಡಿದು, "ಬಾ ಮಗ" ಎಂದರು. ಸುಮತಿಯ ಮಕ್ಕಳು ಕಾಲೇಜಿಗೆ ಹೋಗುವ ಸುದ್ದಿ ಹೇಳಿದರು. ನಾನು ಮೀನು ಆರಿಸುವ ನೆಪದಲ್ಲಿ ಬಗ್ಗಿ ಕೂತು, ಇಷ್ಟು ವರ್ಷ ಹಿಡಿದಿಟ್ಟದ್ದನ್ನು ಕೇಳಿಯೇಬಿಟ್ಟೆ.

"ಅಕ್ಕ, ಆ ದಿನ ಕಾಪುವಿನಲ್ಲಿ ನಾನು ಎಂತ ಹಾಡಿದೆ? ಹಸನ್ ಕಡೆಗೂ ಹೇಳಲಿಲ್ಲ."

ಅವರು ಕೈ ಕೆಲಸ ನಿಲ್ಲಿಸಿ ನನ್ನನ್ನು ನೋಡಿದರು. ನಾನು ತಮಾಷೆ ಮಾಡುತ್ತಿದ್ದೇನೆಯೇ ಎಂದು ಪರೀಕ್ಷಿಸುವ ಹಾಗೆ.

"ನೀನು ಎಲ್ಲಿ ಹಾಡಿದೆ ಮಗ?" ಎಂದರು. "ಎರಡು ಚರಣ ಹೇಳಿ ಬಾಯಿ ಮುಚ್ಚಿದವನು ನೀನು ಮತ್ತೆ ತೆರೆಯಲೇ ಇಲ್ಲ. ಕಂಬದ ಹಾಗೆ ನಿಂತಿದ್ದೆ. ದನಿ ಬಂದದ್ದು ನಿನ್ನ ಬೆನ್ನ ಹಿಂದಿನಿಂದ, ಕಡಲಿನ ಕಡೆಯಿಂದ. ಅದಕ್ಕೇ ಅಲ್ವಾ ನಾನು ನೀರಿಗೆ ಇಳಿದದ್ದು?"